ಜಪಾನೀ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅವ್ಯಕ್ತ ಏಡಿಗಂತಿ

೧. ವಿಷಯೋಪಕ್ರಮ

ಪ್ರಾಸ್ಟೇಟ್ ಗ್ರಂಥಿಯ ಏಡಿಗಂತಿಯು, ಎಂದರೆ ಕ್ಯಾನ್ಸರ್ ರೋಗವು, ಯೂರೋಪು ಅಮೆರಿಕಗಳ ವೃದ್ಧಪುರುಷರಲ್ಲಿ ಬಹುಳವಾಗಿಯೂ ಜಪಾನೀಯರಲ್ಲಿ ಅತಿವಿರಳವಾಗಿಯೂ ಇರುವುದೆಂಬ ಮಾತು ಕಳೆದ ಶತಮಾನದ ವೈದ್ಯಗ್ರಂಥಗಳಲ್ಲಿ ಬಹುಕಾಲ ನೆಲೆನಿಂತಿದ್ದಿತು. ಮರಣದ ಕಾರಣಗಳನ್ನು ಎಣಿಸಿದವರಿಗೂ, ಆಸ್ಪತ್ರೆಗಳಿಗೆ ಬಂದ ರೋಗಿಗಳನ್ನು ಎಣಿಸಿದವರಿಗೂ ಹಾಗೆಯೇ ಕಂಡಿದ್ದುದರಿಂದ, ಆ ಜನರ ಶರೀರದಲ್ಲಿ ಈ ರೋಗಕ್ಕೆ ಎಡೆಯೇ ಇಲ್ಲವೆಂದು ಊಹಿಸುವುದಕ್ಕೂ ಅವಕಾಶವಿದ್ದಿತು. ಆದರೆ ೨೦೧೯ನೆಯ ವರ್ಷದ ಜಪಾನಿನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯನ್ನು ನೋಡಿದರೆ, ಆ ಒಂದೇ ವರ್ಷದಲ್ಲಿ ೯೪,೦೦೦ಕ್ಕೂ ಮಿಕ್ಕ ಪುರುಷರಲ್ಲಿ ಈ ರೋಗವು ಹೊಸದಾಗಿ ಪತ್ತೆಯಾಯಿತೆಂದೂ, ಪುರುಷರ ಕ್ಯಾನ್ಸರುಗಳಲ್ಲೆಲ್ಲ ಇದೇ ಸಂಖ್ಯೆಯಲ್ಲಿ ಮೊದಲನೆಯದಾಯಿತೆಂದೂ ತಿಳಿದುಬರುತ್ತದೆ. ಅದೇ ವರ್ಷ ಈ ರೋಗದಿಂದ ಮರಣ ಹೊಂದಿದವರು ಸುಮಾರು ೧೨,೫೦೦ ಮಂದಿ.

ಅತಿವಿರಳವೆಂದು ಹೆಸರಾದ ರೋಗವು ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲದೊಳಗೆ ಅಗ್ರಸ್ಥಾನಕ್ಕೆ ಬಂದುದು ಹೇಗೆ? ಇಲ್ಲದಿದ್ದುದು ಹೊಸದಾಗಿ ಹುಟ್ಟಿತೇ, ಅಥವಾ ಮೊದಲೇ ಇದ್ದುದು ಈಗ ಕಣ್ಣಿಗೆ ಬಿದ್ದಿತೇ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಮೊದಲು ಪ್ರಮಾಣಶಾಸ್ತ್ರದ ಒಂದು ನಿಯಮವನ್ನು ನೆನೆಯುವುದು ಉಚಿತವಾಗಿದೆ. ವಸ್ತುವು ಕಾಣದಿರುವುದರಿಂದ ಅದರ ಅಭಾವವನ್ನು ನಿಶ್ಚಯಿಸುವುದಕ್ಕೆ ಅನುಪಲಬ್ಧಿಯೆಂದು ಹೆಸರು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಇದನ್ನು ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸುತ್ತಾರೆ. ಆದರೆ ಬರಿಯ ಅನುಪಲಬ್ಧಿಯು ಸಾಲದು, ಅದು ಯೋಗ್ಯಾನುಪಲಬ್ಧಿಯಾಗಿರಬೇಕೆಂಬುದು ವೇದಾಂತಪರಿಭಾಷೆ ಮೊದಲಾದ ಗ್ರಂಥಗಳ ನಿರ್ಣಯ. ಬೆಳಕಿರುವ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ಹೇಳಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆ ಹೇಳಲಾಗದು, ಏಕೆಂದರೆ ಗಡಿಗೆಯು ಇದ್ದಿದ್ದರೂ ಅಲ್ಲಿ ಕಾಣುತ್ತಿರಲಿಲ್ಲ. ಜಪಾನೀಯರ ಪ್ರಾಸ್ಟೇಟ್ ರೋಗದ ಚರಿತ್ರೆಯಲ್ಲಿ ಈ ನಿಯಮವು ಹೆಜ್ಜೆಹೆಜ್ಜೆಗೂ ಉಪಯೋಗಕ್ಕೆ ಬರುತ್ತದೆ.

೨. ಶಬ್ದವಿಚಾರ

ಪ್ರಾಸ್ಟೇಟ್ ಎಂಬುದು ಗ್ರೀಕ್ ಭಾಷೆಯಿಂದ ಬಂದ ಶಬ್ದ. ‘ಮುಂದೆ ನಿಲ್ಲುವವನು’ ಎಂದು ಅದರ ಅರ್ಥ. ಸಂಸ್ಕೃತಮೂಲದ ಪಾರಿಭಾಷಿಕ ಪದವಾದ ಪುರಃಸ್ಥಗ್ರಂಥಿ ಎಂಬುದೂ ಅದೇ ಅರ್ಥವುಳ್ಳದ್ದು. ಜಪಾನೀ ಭಾಷೆಯಲ್ಲಿ ಇದಕ್ಕೆ ‘ಜೆನ್‌ರಿತ್ಸುಸೆನ್’ ಎಂದು ಹೆಸರು: ‘ಜೆನ್’ ಎಂದರೆ ಮುಂದೆ, ‘ರಿತ್ಸು’ ಎಂದರೆ ನಿಲ್ಲುವುದು, ‘ಸೆನ್’ ಎಂದರೆ ಗ್ರಂಥಿ. ಇವುಗಳಲ್ಲಿ ‘ಸೆನ್’ ಎಂಬುದನ್ನು ಬರೆಯುವ ಅಕ್ಷರವು ಚೀನಾದಿಂದ ಬಂದುದಲ್ಲ. ಉದಗಾವ ಗೆನ್‌ಶಿನ್ ಎಂಬ ಜಪಾನೀ ವೈದ್ಯವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಡಚ್ಚರ ಶಾರೀರಗ್ರಂಥಗಳನ್ನು ತನ್ನ ಭಾಷೆಗೆ ತರುವಾಗ, ಗ್ರಂಥಿಯೆಂಬ ಅರ್ಥಕ್ಕೆ ಸರಿಯಾದ ಅಕ್ಷರವಿಲ್ಲದುದನ್ನು ಕಂಡು ಅದನ್ನು ಹೊಸದಾಗಿ ನಿರ್ಮಿಸಿದನು.

ರೋಗದ ಹೆಸರಿನಲ್ಲಿಯೂ ಇಂತಹ ಸ್ವಾರಸ್ಯವುಂಟು. ಗ್ರೀಕರು ಇದನ್ನು ಏಡಿಯೆಂದು ಕರೆದರು. ಕನ್ನಡದ ಏಡಿಗಂತಿಯೆಂಬ ಶಬ್ದವು ಆ ಕಲ್ಪನೆಯನ್ನೇ ಅನುಸರಿಸಿದೆ. ಜಪಾನೀಯರು ಇದಕ್ಕೆ ‘ಗಾನ್’ ಎನ್ನುತ್ತಾರೆ. ಅದರ ಅಕ್ಷರದಲ್ಲಿ ರೋಗಸೂಚಕವಾದ ಚಿಹ್ನೆಯೊಳಗೆ ಬಂಡೆಯನ್ನು ಸೂಚಿಸುವ ಚಿಹ್ನೆಯು ಅಡಗಿದೆ. ಕೈಗೆ ಕಲ್ಲಿನಂತೆ ಗಟ್ಟಿಯಾಗಿ ಸಿಕ್ಕುವ ಗಂಟೆಂಬುದೇ ಆ ಹೆಸರಿನ ಮೂಲಭಾವ. ಸುಶ್ರುತನು ಉತ್ತರತಂತ್ರದ ಮೂತ್ರಾಘಾತ ಪ್ರಕರಣದಲ್ಲಿ, ಮಲಮಾರ್ಗಕ್ಕೂ ಬಸ್ತಿಗೂ ನಡುವೆ ಹುಟ್ಟಿ ಮೂತ್ರವನ್ನು ತಡೆಯುವ, ಅಷ್ಠೀಲೆ ಎಂದರೆ ಉರುಟುಗಲ್ಲಿನಂತಹ ಗಟ್ಟಿಯಾದ ಗಂಟನ್ನು ವರ್ಣಿಸಿರುವುದು ಇಲ್ಲಿ ಸ್ಮರಣೀಯವಾಗಿದೆ. ಆದರೆ ಆ ಲಕ್ಷಣವು ವೃದ್ಧಾಪ್ಯದಲ್ಲಿ ಈ ಗ್ರಂಥಿಯು ಸಹಜವಾಗಿ ಊದಿಕೊಳ್ಳುವುದಕ್ಕೆ ಹತ್ತಿರವಾದುದೇ ಹೊರತು, ಅದನ್ನು ಏಡಿಗಂತಿಯೆಂದು ವ್ಯಾಖ್ಯಾನಿಸುವುದು ಸಾಹಸವಾದೀತು.

ಪ್ರಕೃತಕ್ಕೆ ಅತ್ಯವಶ್ಯಕವಾದ ಶಬ್ದವಿಭಾಗವೊಂದಿದೆ. ಜಪಾನೀ ವೈದ್ಯರು ಈ ಗ್ರಂಥಿಯ ಏಡಿಗಂತಿಯನ್ನು, ಅದು ತಿಳಿದುಬರುವ ಬಗೆಯನ್ನು ಆಧರಿಸಿ, ನಾಲ್ಕಾಗಿ ವಿಂಗಡಿಸುತ್ತಾರೆ. ರೋಗಿಯು ಬದುಕಿರುವಾಗ ಪರೀಕ್ಷೆಯಿಂದ ನಿರ್ಣಯಿಸಲ್ಪಟ್ಟುದು ವ್ಯಕ್ತ. ಊದಿಕೊಂಡ ಗ್ರಂಥಿಗೆಂದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾಂಸದೊಳಗೆ ಅನಿರೀಕ್ಷಿತವಾಗಿ ಸಿಕ್ಕಿದುದು ಆಕಸ್ಮಿಕ. ಮೂಳೆ ಮೊದಲಾದ ಬೇರೆ ಸ್ಥಾನಗಳಲ್ಲಿ ಹರಡಿದುದು ಮೊದಲು ಕಂಡು, ಮೂಲವು ಪ್ರಾಸ್ಟೇಟಿನಲ್ಲಿತ್ತೆಂದು ಆಮೇಲೆ ತಿಳಿದುದು ಗೂಢ. ಬೇರೆ ಕಾರಣದಿಂದ ಸತ್ತವನ ಶವಪರೀಕ್ಷೆಯಲ್ಲಿ ಮಾತ್ರ ಗೋಚರವಾದುದು ಅವ್ಯಕ್ತ. ಈ ನಾಲ್ಕನೆಯದನ್ನು ಜಪಾನೀಯರು ಇಂಗ್ಲಿಷಿನ ಮಾತನ್ನೇ ತಮ್ಮ ಉಚ್ಚಾರಣೆಗೆ ಒಗ್ಗಿಸಿಕೊಂಡು ‘ರಾತೆಂತೊ ಗಾನ್’ ಎಂದು ಕರೆಯುತ್ತಾರೆ. ಗೂಢಕ್ಕೂ ಅವ್ಯಕ್ತಕ್ಕೂ ಭೇದವನ್ನು ಮರೆಯಬಾರದು. ಮೊದಲನೆಯದು ಮರೆಯಲ್ಲಿದ್ದುಕೊಂಡೇ ಕೊಲ್ಲಬಲ್ಲದು. ಎರಡನೆಯದು ಕೊಲ್ಲದೆಯೇ, ಇರವನ್ನು ತಿಳಿಯಗೊಡದೆಯೇ, ಮನುಷ್ಯನೊಡನೆ ಮಣ್ಣುಗೂಡುವುದು.

೩. ಗ್ರಂಥಿಯ ಸ್ವರೂಪ

ಈ ಗ್ರಂಥಿಯು ಮೂತ್ರಕೋಶದ ಕೆಳಗೆ, ಮೂತ್ರನಾಳವು ಹೊರಡುವ ಸ್ಥಾನವನ್ನು ಬಳೆಯಂತೆ ಸುತ್ತಿಕೊಂಡು ಇರುವುದು. ಯುವಕನಲ್ಲಿ ಇದರ ತೂಕವು ಸುಮಾರು ೨೦ ಗ್ರಾಂ. ಗಾತ್ರವು ಅಕ್ರೋಟಿನ ಕಾಯಿಯಷ್ಟು. ಶುಕ್ರದ್ರವದ ಒಂದು ಭಾಗವನ್ನು ಸ್ರವಿಸುವುದು ಇದರ ಕಾರ್ಯ. ಮೂತ್ರನಾಳಕ್ಕೆ ಅಂಟಿಕೊಂಡಿರುವ ಒಳಭಾಗವು ಮುಪ್ಪಿನಲ್ಲಿ ಬೆಳೆದು ನಾಳವನ್ನು ಒತ್ತುವುದರಿಂದ ಮೂತ್ರವು ತಡೆತಡೆದು ಹೋಗುವುದು, ರಾತ್ರಿಯಲ್ಲಿ ಪದೇಪದೇ ಏಳಬೇಕಾಗುವುದು ಮುಂತಾದ ತೊಂದರೆಗಳು ಉಂಟಾಗುತ್ತವೆ. ಇದು ಏಡಿಗಂತಿಯಲ್ಲ. ಏಡಿಗಂತಿಯು ಬಹುಮಟ್ಟಿಗೆ, ನೂರರಲ್ಲಿ ಎಪ್ಪತ್ತರಷ್ಟು, ನಾಳದಿಂದ ದೂರವಾದ ಹೊರಅಂಚಿನ ಭಾಗದಲ್ಲಿ ಹುಟ್ಟುವುದು. ಆದಕಾರಣ ಅದು ಚಿಕ್ಕದಾಗಿರುವಷ್ಟು ಕಾಲ ಮೂತ್ರವನ್ನು ತಡೆಯುವುದಿಲ್ಲ, ನೋಯಿಸುವುದಿಲ್ಲ, ಯಾವ ಸೂಚನೆಯನ್ನೂ ಕೊಡುವುದಿಲ್ಲ. ರೋಗವು ಅವ್ಯಕ್ತವಾಗಿ ಉಳಿಯುವುದಕ್ಕೆ ಸ್ಥಾನವೇ ಒಂದು ಕಾರಣವಾಗಿದೆ. ಎರಡನೆಯ ಕಾರಣವು ಅದರ ಮಂದಗತಿ; ಅನೇಕರಲ್ಲಿ ಅದು ಹತ್ತಾರು ವರ್ಷಗಳು ಕಳೆದರೂ ಗ್ರಂಥಿಯ ಗಡಿಯನ್ನು ದಾಟುವುದಿಲ್ಲ.

೪. ಶವಪರೀಕ್ಷೆಯ ಸಾಕ್ಷ್ಯ

ಅವ್ಯಕ್ತವಾದುದನ್ನು ಎಣಿಸುವುದಕ್ಕೆ ಉಪಾಯವು ಶವಪರೀಕ್ಷೆಯೊಂದೇ. ಅಮೆರಿಕದ ರೋಗಶಾರೀರಜ್ಞ ಆರ್ನಾಲ್ಡ್ ರಿಚ್ ಎಂಬವರು ೧೯೩೫ರಲ್ಲಿ, ಐವತ್ತು ವರ್ಷ ದಾಟಿದ ೨೯೨ ಪುರುಷರ ಶವಪರೀಕ್ಷೆಗಳನ್ನು ಶೋಧಿಸಿ, ನೂರಕ್ಕೆ ೧೪ ಮಂದಿಯಲ್ಲಿ ಈ ಅಡಗಿದ ಏಡಿಗಂತಿಯನ್ನು ತೋರಿಸಿಕೊಟ್ಟರು. ಅವರು ನೋಡಿದುದು ಗ್ರಂಥಿಯ ಒಂದೊಂದು ತುಂಡನ್ನು ಮಾತ್ರ. ಇಡೀ ಗ್ರಂಥಿಯನ್ನು ಕೆಲವು ಮಿಲಿಮೀಟರುಗಳ ಅಂತರದಲ್ಲಿ ಹಾಳೆಹಾಳೆಯಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿಯು ಆಮೇಲೆ ಬಳಕೆಗೆ ಬಂದಂತೆ ಈ ಸಂಖ್ಯೆಯು ಇನ್ನೂ ಏರಿತು. ಇಲ್ಲಿಯೇ ಯೋಗ್ಯಾನುಪಲಬ್ಧಿಯ ನಿಯಮದ ಮೊದಲನೆಯ ಉದಾಹರಣೆಯು ದೊರೆಯುವುದು: ಕತ್ತರಿಸಿದ ಹಾಳೆಗಳು ಎಷ್ಟು ಹತ್ತಿರವೋ ರೋಗವು ಅಷ್ಟು ಹೆಚ್ಚಾಗಿ ಕಾಣುವುದು.

೧೯೭೭ರಲ್ಲಿ ಬ್ರೆಸ್ಲೋ ಮೊದಲಾದವರು ಸಿಂಗಪುರ, ಹಾಂಗ್‌ಕಾಂಗ್, ಉಗಾಂಡ, ಇಸ್ರೇಲ್, ಜಮೈಕ, ಸ್ವೀಡನ್, ಜರ್ಮನಿ ಎಂಬ ಏಳು ಪ್ರದೇಶಗಳ ೧,೩೨೭ ಶವಪರೀಕ್ಷೆಗಳ ಫಲವನ್ನು ಪ್ರಕಟಿಸಿದರು. ವ್ಯಕ್ತರೋಗವು ಈ ದೇಶಗಳಲ್ಲಿ ಬಹಳ ಹೆಚ್ಚುಕಡಮೆಯಾಗಿದ್ದರೂ, ಅತಿಸಣ್ಣ ಅವ್ಯಕ್ತ ಗಂಟುಗಳು ಎಲ್ಲೆಡೆಯಲ್ಲಿಯೂ ಸುಮಾರು ನೂರಕ್ಕೆ ೧೨ರಂತೆ ಸಮವಾಗಿದ್ದುವು. ದೊಡ್ಡ ಗಂಟುಗಳ ಪ್ರಮಾಣ ಮಾತ್ರ ಆಯಾ ದೇಶದ ವ್ಯಕ್ತರೋಗದ ಪ್ರಮಾಣವನ್ನು ಅನುಸರಿಸುತ್ತಿದ್ದಿತು. ಇದರ ತಾತ್ಪರ್ಯವು ಬಹು ಮುಖ್ಯವಾದುದು. ಬೀಜವು ಎಲ್ಲ ದೇಶಗಳಲ್ಲಿಯೂ ಸಮಾನವೆಂದೂ, ಮೊಳಕೆಯನ್ನು ಬೆಳೆಸುವ ನೆಲನೀರುಗಳಲ್ಲಿ ಭೇದವಿರಬೇಕೆಂದೂ ಅದು ಸೂಚಿಸಿತು.

ಆ ಏಳರಲ್ಲಿ ಜಪಾನು ಸೇರಿರಲಿಲ್ಲ. ಆದರೆ ಜಪಾನೀಯರ ವಿಷಯದಲ್ಲಿ ಸ್ವತಂತ್ರವಾದ ಶೋಧನೆಗಳು ಅದಕ್ಕೆ ಮೊದಲೇ ನಡೆದಿದ್ದುವು. ಆ ದೇಶದ ರೋಗಶಾಸ್ತ್ರಜ್ಞರ ಸಂಘವು ಶವಪರೀಕ್ಷೆಗಳ ವಾರ್ಷಿಕ ಸಂಗ್ರಹವನ್ನು ೧೯೫೮ರಿಂದ ಹೊರಡಿಸುತ್ತ ಬಂದಿದೆ. ಪರಮಾಣುಬಾಂಬಿಗೆ ತುತ್ತಾದ ಹಿರೋಷಿಮ ನಾಗಸಾಕಿ ನಗರಗಳಲ್ಲಿ, ಬದುಕುಳಿದವರ ಆರೋಗ್ಯವನ್ನು ಗಮನಿಸುವುದಕ್ಕೆಂದು ೧೯೪೭ರಲ್ಲಿ ಏರ್ಪಟ್ಟ ಆಯೋಗದ ಶವಪರೀಕ್ಷೆಗಳಿಂದ, ಅಲ್ಲಿನ ವೃದ್ಧರ ಪ್ರಾಸ್ಟೇಟುಗಳನ್ನು ಕುರಿತ ವಿಚಾರವೊಂದು ೧೯೭೩ರಲ್ಲಿ ಬೆಳಕಿಗೆ ಬಂದಿತು. ಬೇರೊಂದು ಉದ್ದೇಶದಿಂದ ಕೂಡಿಟ್ಟ ದುಃಖದ ದಾಖಲೆಯು ಈ ರೋಗದ ಜ್ಞಾನಕ್ಕೂ ಆಧಾರವಾಯಿತು.

ಅದೇ ವರ್ಷ ಅಕಜಾಕಿ ಮತ್ತು ಸ್ಟೆಮರ್‌ಮನ್ ಎಂಬವರು ಜಪಾನಿನಲ್ಲಿರುವ ಜಪಾನೀಯರನ್ನೂ ಹವಾಯಿ ದ್ವೀಪಕ್ಕೆ ವಲಸೆಹೋದ ಜಪಾನೀಯರನ್ನೂ ಹೋಲಿಸಿದರು. ಸರ್ಕಾರದ ಒಪ್ಪಂದದ ಮೇರೆಗೆ ಜಪಾನೀ ಕೂಲಿಗಾರರ ಮೊದಲ ತಂಡವು ಹವಾಯಿಗೆ ಬಂದುದು ೧೮೮೫ರಲ್ಲಿ. ಅವರ ಸಮಾಜವು ಹೊನೊಲುಲುವಿನಲ್ಲಿ ೧೯೦೦ರಲ್ಲಿ ಸ್ಥಾಪಿಸಿದ ಆಸ್ಪತ್ರೆಯೇ ಮುಂದೆ ಕುವಾಕಿನಿ ಎಂಬ ಹೆಸರಿನಿಂದ ಇಂತಹ ಸಂಶೋಧನೆಗಳ ಕೇಂದ್ರವಾಯಿತು. ಅವ್ಯಕ್ತರೋಗವು ಎರಡು ಗುಂಪುಗಳಲ್ಲಿಯೂ ಧಾರಾಳವಾಗಿ ಸಿಕ್ಕಿತು. ಆದರೆ ಸುತ್ತಲಿನ ಮಾಂಸವನ್ನು ಭೇದಿಸಿಕೊಂಡು ಬೆಳೆಯುವ ಜಾತಿಯದು ಹವಾಯಿಯ ಜಪಾನೀಯರಲ್ಲಿ ಹೆಚ್ಚಾಗಿ ಕಂಡಿತು. ರಕ್ತವು ಒಂದೇ, ನೆಲ ಬೇರೆ. ಬೀಜವು ಒಂದೇ, ಬೆಳೆ ಬೇರೆ.

ಆಮೇಲೆ ಮಿಯೆ ವಿಶ್ವವಿದ್ಯಾನಿಲಯದ ಯತಾನಿ ಮೊದಲಾದವರು ಈ ವಿಚಾರವನ್ನು ದೀರ್ಘಕಾಲ ಮುಂದುವರಿಸಿದರು. ಅವರು ೧೯೮೮ರಲ್ಲಿ ಪ್ರಕಟಿಸಿದ ಲೇಖನವು ಕಾಲಭೇದವನ್ನು ತೋರಿಸಿತು. ವಯಸ್ಸಿನ ಅಂತರವನ್ನು ಸರಿದೂಗಿಸಿ ನೋಡಿದಾಗ, ೧೯೬೫ರಿಂದ ೧೯೭೯ರವರೆಗಿನ ಜಪಾನೀ ಶವಗಳಲ್ಲಿ ನೂರಕ್ಕೆ ೨೨.೫ರಷ್ಟಿದ್ದ ಅವ್ಯಕ್ತರೋಗವು ೧೯೮೨ರಿಂದ ೧೯೮೬ರವರೆಗಿನ ಶವಗಳಲ್ಲಿ ೩೪.೬ಕ್ಕೆ ಏರಿದ್ದಿತು. ಟೋಕಿಯೋ ನಗರದ ಜಿಕೇಇ ವೈದ್ಯಕೀಯ ವಿಶ್ವವಿದ್ಯಾನಿಲಯದ ಕಿಮುರ ಮೊದಲಾದವರ ೨೦೧೬ರ ಲೇಖನವು ಇದೇ ದಾರಿಯಲ್ಲಿ ಇನ್ನೂ ಮುಂದಕ್ಕೆ ಹೋಗಿ, ೧೯೮೩–೮೭ರ ಗುಂಪಿನಲ್ಲಿ ೨೦.೮ರಷ್ಟಿದ್ದುದು ೨೦೦೮–೧೩ರ ಗುಂಪಿನಲ್ಲಿ ೪೩.೩ರಷ್ಟಾಯಿತೆಂದು ತಿಳಿಸಿತು. ಈ ಎರಡು ಲೇಖನಗಳ ಅಂಕಿಗಳು ಒಂದೇ ಅಳತೆಗೋಲಿನಿಂದ ಬಂದವಲ್ಲವಾದುದರಿಂದ ಒಂದರ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಡನೆ ಕೂಡಿಸಿ ಎಳೆಯಬಾರದು. ಆದರೆ ಏರಿಕೆಯ ದಿಕ್ಕು ಎರಡರಲ್ಲಿಯೂ ಒಂದೇ ಆಗಿದೆ.

೫. ಅವ್ಯಕ್ತರೋಗದ ಲಕ್ಷಣಗಳು

ಹೀಗೆ ಸಿಕ್ಕಿದ ಗಂಟುಗಳ ಸಾಮಾನ್ಯ ಲಕ್ಷಣಗಳು ಇವು: ಬಹುಪಾಲು ಅತಿಸಣ್ಣವು, ಹೊರಅಂಚಿನಲ್ಲಿ ಹೆಚ್ಚಾಗಿ ಇರುವವು, ಒಂದೇ ಗ್ರಂಥಿಯಲ್ಲಿ ಎರಡು ಮೂರು ಕಡೆ ಬೇರೆ ಬೇರೆಯಾಗಿ ಹುಟ್ಟುವವು, ವಯಸ್ಸಿನೊಡನೆ ಏರುವವು. ಇವುಗಳ ಕ್ರೌರ್ಯವನ್ನು ಅಳೆಯುವುದಕ್ಕೆ ಅಮೆರಿಕದ ಡೊನಾಲ್ಡ್ ಗ್ಲೀಸನ್ ಎಂಬ ವೈದ್ಯರು ೧೯೬೬ರಲ್ಲಿ ರೂಪಿಸಿದ ಅಂಕಕ್ರಮವು ಲೋಕದಲ್ಲೆಲ್ಲ ಪ್ರಚಾರದಲ್ಲಿದೆ. ಜೀವಕೋಶಗಳು ಗ್ರಂಥಿಯ ಸಹಜವಾದ ವಿನ್ಯಾಸವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿವೆ, ಎಷ್ಟರಮಟ್ಟಿಗೆ ಕೆಡಿಸಿವೆ ಎಂಬುದನ್ನು ನೋಡಿ ಅಂಕವನ್ನು ಕೊಡುವುದು ಅದರ ಕ್ರಮ. ಈಗಿನ ವ್ಯವಹಾರದಲ್ಲಿ ೬ ಎಂದರೆ ಸೌಮ್ಯ, ೭ ಮತ್ತು ಅದಕ್ಕೆ ಮೇಲ್ಪಟ್ಟುದು ಎಚ್ಚರಿಕೆಗೆ ಅರ್ಹ, ೧೦ ಎಂದರೆ ಅತ್ಯುಗ್ರ.

ಅವ್ಯಕ್ತರೋಗವೆಲ್ಲ ಸೌಮ್ಯವೆಂದೂ, ಅದರಲ್ಲಿಯೂ ಜಪಾನೀಯರದು ಅತಿಸೌಮ್ಯವೆಂದೂ ಸಾಮಾನ್ಯವಾಗಿ ಭಾವಿಸಲಾಗಿದ್ದಿತು. ಈ ಭಾವನೆಯನ್ನು ೨೦೧೩ರಲ್ಲಿ ಪ್ರಕಟವಾದ ಜ್ಲೋಟ ಮೊದಲಾದವರ ಸಂಶೋಧನೆಯು ಅಲುಗಿಸಿತು. ಅವರು ಮಾಸ್ಕೋ ನಗರದ ೨೨೦ ಶ್ವೇತವರ್ಣೀಯರನ್ನೂ ಟೋಕಿಯೋ ನಗರದ ೧೦೦ ಜಪಾನೀಯರನ್ನೂ ಆರಿಸಿಕೊಂಡರು. ಇವರೆಲ್ಲರೂ ಬೇರೆ ಕಾರಣಗಳಿಂದ ಸತ್ತವರು. ಬದುಕಿದ್ದಾಗ ಈ ರೋಗಕ್ಕಾಗಿ ಶೋಧಿಸಲ್ಪಡದಿದ್ದವರು. ಇಂತಹವರನ್ನು ಆರಿಸಿದುದರಲ್ಲಿಯೇ ಆ ಸಂಶೋಧನೆಯ ಬೆಲೆಯಿದೆ; ಏಕೆಂದರೆ ಮೊದಲೇ ಶೋಧನೆ ನಡೆದಿದ್ದರೆ, ಸಿಕ್ಕಿದ ರೋಗಗಳು ವ್ಯಕ್ತದ ಗುಂಪಿಗೆ ಸೇರಿಹೋಗಿ ಅವ್ಯಕ್ತದ ಲೆಕ್ಕವು ತಪ್ಪುತ್ತಿದ್ದಿತು. ಫಲವೇನೆಂದರೆ, ಮಾಸ್ಕೋದವರಲ್ಲಿ ನೂರಕ್ಕೆ ೩೭.೩, ಟೋಕಿಯೋದವರಲ್ಲಿ ನೂರಕ್ಕೆ ೩೫. ವ್ಯಕ್ತರೋಗದಲ್ಲಿ ಅಜಗಜಾಂತರವೆಂದು ಪ್ರಸಿದ್ಧವಾಗಿದ್ದ ಎರಡು ಜನಾಂಗಗಳು ಅವ್ಯಕ್ತರೋಗದಲ್ಲಿ ಹೆಚ್ಚುಕಡಮೆ ಸಮಾನವಾಗಿ ನಿಂತುವು. ಇದಕ್ಕಿಂತಲೂ ವಿಸ್ಮಯಕರವಾದುದು ಕ್ರೌರ್ಯದ ಲೆಕ್ಕ: ಸಿಕ್ಕಿದ ರೋಗಗಳಲ್ಲಿ ಗ್ಲೀಸನ್ ಅಂಕವು ೭ ಅಥವಾ ಅದಕ್ಕೆ ಮೇಲ್ಪಟ್ಟಿದ್ದುದು ಮಾಸ್ಕೋದವರಲ್ಲಿ ನೂರಕ್ಕೆ ೨೩.೧ ಆದರೆ, ಜಪಾನೀಯರಲ್ಲಿ ೫೧.೪.

ಇದರಿಂದ ಜಪಾನೀಯರ ರೋಗವೇ ಹೆಚ್ಚು ಕ್ರೂರವೆಂದು ಸಿದ್ಧಾಂತ ಮಾಡಬಹುದೇ ಎಂದರೆ, ಅವಸರ ಸಲ್ಲದು. ೧೦೦ ಜಪಾನೀಯರಲ್ಲಿ ರೋಗವಿದ್ದುದು ೩೫ ಮಂದಿಗೆ. ಆ ೩೫ರಲ್ಲಿ ಅರ್ಧವೆಂದರೆ ಹದಿನೆಂಟು ಮಂದಿ. ಸಂಖ್ಯೆಯು ಅಲ್ಪ. ಆ ಗುಂಪಿನ ಜಪಾನೀಯರು ಮಾಸ್ಕೋದವರಿಗಿಂತ ಸರಾಸರಿಯಲ್ಲಿ ವಯಸ್ಸಾದವರೂ ಆಗಿದ್ದರು. ಮತ್ತು ಗ್ಲೀಸನ್ ಅಂಕವನ್ನು ಕೊಡುವ ಕ್ರಮವು ೨೦೦೫ರಲ್ಲಿ ಪರಿಷ್ಕರಿಸಲ್ಪಟ್ಟುದರಿಂದ ಹಳೆಯ ಲೇಖನಗಳ ಅಂಕಗಳನ್ನು ಹೊಸವುಗಳ ಪಕ್ಕದಲ್ಲಿ ಇಡಲಾಗುವುದಿಲ್ಲ. ಆದುದರಿಂದ ನಿರ್ವಿವಾದವಾಗಿ ಉಳಿಯುವುದು ಇಷ್ಟು: ಜಪಾನೀಯರಲ್ಲಿ ಈ ರೋಗವು ಸ್ವಭಾವತಃ ವಿರಳವೆಂಬ ಮಾತಿಗೂ, ಇದ್ದರೂ ಅದು ಸ್ವಭಾವತಃ ಸೌಮ್ಯವೆಂಬ ಮಾತಿಗೂ ಪ್ರಮಾಣವು ಸಾಲದು.

೬. ವ್ಯಕ್ತವಾಗುವುದಕ್ಕೆ ಕಾರಣಗಳು

ಹಾಗಾದರೆ ವ್ಯಕ್ತರೋಗವು ಜಪಾನಿನಲ್ಲಿ ಮೊದಲು ಅಷ್ಟು ಕಡಮೆಯಾಗಿದ್ದು ಆಮೇಲೆ ಇಷ್ಟು ಹೆಚ್ಚಾದುದಕ್ಕೆ ಕಾರಣವೇನು? ಒಂದೇ ಕಾರಣವನ್ನು ಹೇಳಿ ತೃಪ್ತರಾಗುವುದು ಸಾಧ್ಯವಿಲ್ಲ. ಮೂರು ಕಾರಣಗಳು ಸೇರಿವೆ.

ಮೊದಲನೆಯದು ಆಯುಸ್ಸು. ೧೯೪೭ರಲ್ಲಿ ಜಪಾನೀ ಪುರುಷನ ಸರಾಸರಿ ಆಯುಸ್ಸು ೫೦ ವರ್ಷ. ೨೦೧೯ರಲ್ಲಿ ೮೧ ವರ್ಷ. ಐವತ್ತರಲ್ಲಿ ಕ್ಷಯವೋ ಮತ್ತೊಂದೋ ಒಯ್ದುಬಿಡುವ ಕಾಲದಲ್ಲಿ, ಎಪ್ಪತ್ತರಲ್ಲಿ ತಲೆಯೆತ್ತುವ ರೋಗಕ್ಕೆ ಅವಕಾಶವೆಲ್ಲಿ?

ಎರಡನೆಯದು ಆಹಾರವಿಹಾರ. ಇಲ್ಲಿ ವಲಸೆಗಾರರ ಚರಿತ್ರೆಯೇ ದಾರಿದೀಪ. ಹೇನ್‌ಜೆಲ್ ಮತ್ತು ಕುರಿಹಾರ ಎಂಬವರು ೧೯೬೮ರಲ್ಲಿ ಅಮೆರಿಕದ ಜಪಾನೀಯರ ಮರಣಗಳನ್ನು ಪರಿಶೀಲಿಸಿ, ಪ್ರಾಸ್ಟೇಟ್ ರೋಗದ ಮರಣವು ಅವರಲ್ಲಿ ಸ್ವದೇಶದವರಿಗಿಂತ ಹೆಚ್ಚೆಂದು ತೋರಿಸಿದರು. ಲಾಸ್ ಏಂಜಲೀಸ್ ಪ್ರಾಂತದ ವಲಸೆಗಾರರನ್ನು ಕುರಿತು ಶಿಮಿಜು ಮೊದಲಾದವರು ೧೯೯೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಸೂಕ್ಷ್ಮವು ಹೊರಬಿದ್ದಿತು: ಎಳೆವಯಸ್ಸಿನಲ್ಲಿ ವಲಸೆಹೋದವರಲ್ಲಿಯೂ ವಯಸ್ಸಾದಮೇಲೆ ಹೋದವರಲ್ಲಿಯೂ ಈ ರೋಗದ ಏರಿಕೆಯು ಸಮಾನವಾಗಿದ್ದಿತು. ಬಾಲ್ಯದ ಸಂಸ್ಕಾರಕ್ಕಿಂತ ಉತ್ತರವಯಸ್ಸಿನ ಜೀವನಕ್ರಮವು ಈ ರೋಗವನ್ನು ಬೆಳೆಸುವುದರಲ್ಲಿ ಬಲವತ್ತರವಾಗಿರಬಹುದೆಂಬ ಊಹೆಗೆ ಇದು ಪೋಷಕ. ಜಪಾನಿನೊಳಗೂ ೧೯೪೫ರ ತರುವಾಯ ಮಾಂಸ, ಹಾಲು, ಜಿಡ್ಡು ಇವುಗಳ ಬಳಕೆಯು ಹೆಚ್ಚಿ ಆಹಾರವು ಬದಲಾಯಿತು. ತೋಫು, ಮಿಸೊ, ನತ್ತೊ ಮೊದಲಾದ ಸೋಯಾ ಅವರೆಯ ಪದಾರ್ಥಗಳಲ್ಲಿರುವ ಒಂದು ದ್ರವ್ಯವನ್ನು ಕರುಳಿನ ಸೂಕ್ಷ್ಮಜೀವಿಗಳು ಈಕ್ವಾಲ್ ಎಂಬ ದ್ರವ್ಯವಾಗಿ ಮಾರ್ಪಡಿಸುತ್ತವೆ. ಜಪಾನೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಶಕ್ತಿಯುಂಟು, ಪಾಶ್ಚಾತ್ಯರಲ್ಲಿ ಅದಕ್ಕಿಂತ ಕಡಮೆ. ಇದು ಏಡಿಗಂತಿಯ ಬೆಳವಣಿಗೆಯನ್ನು ತಡೆಯುವುದೆಂಬ ಪಕ್ಷವೊಂದಿದೆ. ಅದು ಇನ್ನೂ ಪಕ್ಷವೇ ಹೊರತು ಸಿದ್ಧಾಂತವಲ್ಲ.

ಮೂರನೆಯದು ನೋಡುವ ಕಣ್ಣು. ಈ ಗ್ರಂಥಿಯು ಸ್ರವಿಸುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆಯೆಂದು ಅಳೆಯುವ ಪಿಎಸ್‌ಎ ಪರೀಕ್ಷೆಯು ರೋಗನಿರ್ಣಯದ ಕ್ರಮವನ್ನೇ ಬದಲಾಯಿಸಿತು. ಇದರ ಪೂರ್ವಚರಿತ್ರೆಯಲ್ಲಿ ಒಬ್ಬ ಜಪಾನೀಯರ ಪಾತ್ರವಿರುವುದು ಗಮನಾರ್ಹ. ನ್ಯಾಯವೈದ್ಯಶಾಸ್ತ್ರಜ್ಞರಾದ ಹಾರ ಎಂಬವರು, ಅಪರಾಧವಿಚಾರಣೆಯಲ್ಲಿ ಶುಕ್ರದ ಕಲೆಯನ್ನು ಗುರುತಿಸುವುದಕ್ಕೆ ಸಹಾಯವಾಗುವ ‘ಗಾಮಾ ಸೆಮಿನೊಪ್ರೋಟೀನ್’ ಎಂಬ ದ್ರವ್ಯವನ್ನು ೧೯೭೧ರ ಲೇಖನದಲ್ಲಿ ವಿವರಿಸಿದರು. ೧೯೭೯ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟಿನಿಂದ ಶುದ್ಧಗೊಳಿಸಲ್ಪಟ್ಟ ದ್ರವ್ಯವೂ ಅದೂ ಒಂದೇ ಎಂಬುದು ಆಮೇಲೆ ತಿಳಿಯಿತು. ೧೯೮೬ರಲ್ಲಿ ರೋಗಿಗಳ ಸ್ಥಿತಿಯನ್ನು ಗಮನಿಸುವುದಕ್ಕೂ, ೧೯೯೪ರಲ್ಲಿ ರೋಗವನ್ನು ಪತ್ತೆಹಚ್ಚುವುದರಲ್ಲಿ ನೆರವಿಗೂ ಅಮೆರಿಕದ ಸರ್ಕಾರವು ಈ ಪರೀಕ್ಷೆಗೆ ಸಮ್ಮತಿಯನ್ನು ಕೊಟ್ಟಿತು. ಜಪಾನಿನಲ್ಲಿಯೂ ಇದು ಹರಡಿತು. ಚಕ್ರವರ್ತಿ ಅಕಿಹಿತೊ ಅವರಿಗೆ ಈ ರೋಗವಿದೆಯೆಂದು ೨೦೦೨ರ ಡಿಸೆಂಬರಿನಲ್ಲಿ ಪ್ರಕಟವಾಗಿ, ೨೦೦೩ರ ಜನವರಿಯಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯು ನಡೆದಮೇಲೆ, ಹೆಸರನ್ನೇ ಕೇಳದಿದ್ದ ಜನರಿಗೂ ಈ ಗ್ರಂಥಿಯ ಪರಿಚಯವಾಯಿತು. ೨೦೧೩ರ ಕಾನೂನಿನ ಮೇರೆಗೆ ೨೦೧೬ರಿಂದ ರಾಷ್ಟ್ರವ್ಯಾಪಿಯಾದ ನೋಂದಣಿಯೂ ಜಾರಿಗೆ ಬಂದಿತು. ಕತ್ತಲೆಯ ಕೋಣೆಗೆ ದೀಪವನ್ನು ತಂದಂತಾಯಿತು, ಗಡಿಗೆಗಳು ಕಂಡುವು.

೭. ಕಂಡುದೆಲ್ಲವೂ ರೋಗವೇ?

ಇಲ್ಲಿಯವರೆಗೆ ಸಾಧಿಸಿದುದು, ಕಾಣದಿರುವುದು ಇಲ್ಲದಿರುವುದಲ್ಲ ಎಂಬುದನ್ನು. ಇದರ ಮರುಮುಖವೂ ಅಷ್ಟೇ ವಿಚಾರಾರ್ಹ: ಇರುವುದೆಲ್ಲವೂ ಚಿಕಿತ್ಸಾರ್ಹವಾದ ರೋಗವೇ?

ಸುಶ್ರುತನು ಸೂತ್ರಸ್ಥಾನದಲ್ಲಿ ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂಬ ಆರು ಅವಸ್ಥೆಗಳನ್ನು ಹೇಳಿ, ಇವುಗಳನ್ನರಿತವನೇ ವೈದ್ಯನೆಂದಿದ್ದಾನೆ. ರೋಗವು ಲಕ್ಷಣಗಳಿಂದ ಗುರುತಿಸಲ್ಪಡುವುದು ಐದನೆಯದಾದ ವ್ಯಕ್ತಿಯಲ್ಲಿ. ಅದಕ್ಕೆ ಮೊದಲೇ ಅರಿತು ತಡೆಯುವುದು ಲೇಸೆಂಬುದು ಸಾಮಾನ್ಯನ್ಯಾಯ. ಆದರೆ ಪ್ರಾಸ್ಟೇಟಿನ ಅವ್ಯಕ್ತ ಏಡಿಗಂತಿಯು ಈ ಸೋಪಾನಕ್ರಮಕ್ಕೆ ಪೂರ್ತಿಯಾಗಿ ಒಳಪಡುವುದಿಲ್ಲ. ಟೋಕಿಯೋದ ೧೦೦ ಶವಗಳಲ್ಲಿ ರೋಗವಿದ್ದ ೩೫ ಮಂದಿಯೂ ಬೇರೆ ಕಾರಣದಿಂದ ಸತ್ತವರೆಂಬುದನ್ನು ಮರೆಯಬಾರದು. ಅವರ ರೋಗವು ನಾಲ್ಕನೆಯ ಮೆಟ್ಟಿಲಲ್ಲಿಯೇ ಕುಳಿತು, ಐದನೆಯದನ್ನು ಹತ್ತುವ ಮೊದಲು ಆಯುಸ್ಸೇ ಮುಗಿಯಿತು.

ಎಪ್ಪತ್ತೈದು ವರ್ಷದ ಒಬ್ಬ ಜಪಾನೀ ವೃದ್ಧನಿಗೆ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ಹೆಚ್ಚಾಗಿ ಕಂಡಿತೆಂದು ಭಾವಿಸಬಹುದು. ಸೂಜಿಯಿಂದ ತುಣುಕನ್ನು ತೆಗೆದು ನೋಡಲು ಸಣ್ಣದೊಂದು ಏಡಿಗಂತಿಯು ಸಿಕ್ಕುವುದು. ಪರೀಕ್ಷೆಯೇ ಇಲ್ಲದಿದ್ದರೆ ಇದು ರಾತೆಂತೊ ಗಾನ್ ಆಗಿ, ಅವನಿಗೆ ತಿಳಿಯದೆಯೇ ಅವನೊಡನೆ ಹೋಗುತ್ತಿದ್ದಿತೋ? ಅಥವಾ ಐದು ವರ್ಷಗಳಲ್ಲಿ ಮೂಳೆಗೆ ಹರಡಿ ಅವನನ್ನು ನರಳಿಸುತ್ತಿದ್ದಿತೋ? ಗ್ರಂಥಿಯನ್ನು ತೆಗೆದುಹಾಕಿದರೆ ಕೆಲವರಿಗೆ ಮೂತ್ರದ ಮೇಲಿನ ಹತೋಟಿಯು ತಪ್ಪುವುದು, ಪುರುಷತ್ವಕ್ಕೆ ಹಾನಿಯಾಗುವುದು. ತೆಗೆಯದಿದ್ದರೆ ಕೆಲವರಿಗೆ ಪ್ರಾಣಹಾನಿ. ಈ ಸಂಶಯದಲ್ಲಿಯೇ ಸಕಲ ವಿವಾದದ ತಿರುಳು ಇರುವುದು.

ಬ್ರಿಟನ್ನಿನಲ್ಲಿ ನಡೆದ ಪ್ರೊಟೆಕ್ಟ್ ಎಂಬ ದೊಡ್ಡ ಪ್ರಯೋಗವು ಈ ವಿಷಯದಲ್ಲಿ ಸ್ವಲ್ಪ ಬೆಳಕನ್ನು ಬೀರಿದೆ. ಪಿಎಸ್‌ಎ ಪರೀಕ್ಷೆಯಿಂದ ಸಿಕ್ಕಿದ, ಗ್ರಂಥಿಯೊಳಗೇ ಇದ್ದ ಏಡಿಗಂತಿಯುಳ್ಳ ೧,೬೪೩ ಪುರುಷರನ್ನು ಮೂರು ಪಾಲುಮಾಡಿ, ಒಂದು ಪಾಲಿಗೆ ಶಸ್ತ್ರವನ್ನೂ ಒಂದು ಪಾಲಿಗೆ ವಿಕಿರಣವನ್ನೂ ವಿಧಿಸಿ, ಮೂರನೆಯ ಪಾಲನ್ನು ಎಚ್ಚರಿಕೆಯಿಂದ ಗಮನಿಸುತ್ತ ಬಂದರು. ಸುಮಾರು ಹದಿನೈದು ವರ್ಷಗಳ ಫಲವು ೨೦೨೩ರಲ್ಲಿ ಪ್ರಕಟವಾಯಿತು. ಈ ರೋಗದಿಂದ ಸತ್ತವರು ಒಟ್ಟು ನೂರಕ್ಕೆ ೨.೭; ಮೂರು ಪಾಲುಗಳ ನಡುವೆ ಮರಣದಲ್ಲಿ ಗಣನೀಯವಾದ ಭೇದವಿರಲಿಲ್ಲ. ಆದರೆ ರೋಗವು ದೇಹದ ಬೇರೆಡೆಗೆ ಹರಡಿದುದು ಗಮನಿಸಲ್ಪಟ್ಟವರಲ್ಲಿ ನೂರಕ್ಕೆ ೯.೪, ಶಸ್ತ್ರಚಿಕಿತ್ಸೆಯಾದವರಲ್ಲಿ ೪.೭. ಅದು ಜಪಾನೀಯರ ಮೇಲೆ ನಡೆದ ಪ್ರಯೋಗವಲ್ಲ. ಆದಕಾರಣ ಅದರ ಅಂಕಿಗಳನ್ನು ಹಾಗೆಹಾಗೆಯೇ ಅವರಿಗೆ ಅನ್ವಯಿಸುವುದು ತರವಲ್ಲ. ಸೌಮ್ಯವಾದ ರೋಗವನ್ನು ಕೂಡಲೇ ಕತ್ತರಿಸದೆ ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾಯುವ ಕ್ರಮವು ಮಾತ್ರ ಜಪಾನಿನಲ್ಲಿಯೂ ಆಚರಣೆಗೆ ಬಂದಿದೆ.

ಪಿಎಸ್‌ಎ ಶೋಧನೆಯನ್ನು ಜನಸಾಮಾನ್ಯಕ್ಕೆಲ್ಲ ವಿಧಿಸಬೇಕೇ ಎಂಬ ಪ್ರಶ್ನೆಯಲ್ಲಿ ಜಪಾನಿನ ವಿದ್ವಾಂಸರೇ ಎರಡು ಪಕ್ಷವಾದರು. ಆರೋಗ್ಯ ಸಚಿವಾಲಯದ ಸಂಶೋಧನಮಂಡಲಿಯು ೨೦೦೮ರಲ್ಲಿ, ಪ್ರಮಾಣವು ಸಾಲದೆಂಬ ಕಾರಣದಿಂದ ಅದನ್ನು ಸಾರ್ವಜನಿಕ ಕಾರ್ಯಕ್ರಮವಾಗಿ ಶಿಫಾರಸು ಮಾಡಲಿಲ್ಲ; ಮೂತ್ರರೋಗತಜ್ಞರ ಸಂಘವು ಮಾಡಬೇಕೆಂದಿತು. ಒಂದು ಪಕ್ಷವು ಕಾಣದೆ ಉಳಿದ ಕ್ರೂರರೋಗಕ್ಕೆ ಅಂಜಿತು; ಇನ್ನೊಂದು ಪಕ್ಷವು ಕಂಡು ಕತ್ತರಿಸಲ್ಪಟ್ಟ ಸೌಮ್ಯರೋಗಕ್ಕೆ ಅಂಜಿತು. ಎರಡು ಅಂಜಿಕೆಗಳಿಗೂ ಶವಪರೀಕ್ಷೆಯ ಅಂಕಿಗಳೇ ಆಧಾರವಾಗಿರುವುದು ಈ ವಿವಾದದ ವಿಶೇಷ. ೫೧.೪ ಎಂಬ ಅಂಕಿಯನ್ನು ಹಿಡಿದವನು ಶೋಧಿಸೆನ್ನುವನು. ೩೫ ಎಂಬ ಅಂಕಿಯನ್ನು ಹಿಡಿದವನು, ಅಷ್ಟು ಮಂದಿ ತಿಳಿಯದೆಯೇ ಬಾಳಿದರಲ್ಲ ಎನ್ನುವನು.

೮. ಉಪಸಂಹಾರ

ಮೇಲಣ ವಿಚಾರದಿಂದ ನಿಷ್ಪನ್ನವಾಗುವುದೇನೆಂದರೆ: ಜಪಾನೀಯರಲ್ಲಿ ಪ್ರಾಸ್ಟೇಟಿನ ಏಡಿಗಂತಿಯು ವಿರಳವೆಂಬ ಹಳೆಯ ಮಾತು, ವ್ಯಕ್ತರೋಗಕ್ಕೆ ತನ್ನ ಕಾಲದಲ್ಲಿ ನಿಜವಾಗಿದ್ದರೂ, ಅವ್ಯಕ್ತರೋಗಕ್ಕೆ ಸಲ್ಲುವುದಿಲ್ಲ. ಆ ಮಾತನ್ನು ಹೇಳಿದವರು ಸುಳ್ಳನ್ನು ಹೇಳಲಿಲ್ಲ. ಕತ್ತಲೆಯಲ್ಲಿ ನೋಡಿ, ನೋಡಿದುದನ್ನು ಹೇಳಿದರು. ಬೀಜವು ಅಲ್ಲಿಯೂ ಇದ್ದಿತು. ಅದನ್ನು ಮುಚ್ಚಿಟ್ಟವು ಅಲ್ಪಾಯುಸ್ಸು, ಆಹಾರಕ್ರಮ, ಪರೀಕ್ಷೆಯ ಅಭಾವ ಎಂಬ ಮೂರು ತೆರೆಗಳು. ಇವುಗಳಲ್ಲಿ ಒಂದೊಂದು ತೆರೆಯ ಪಾಲು ಎಷ್ಟೆಂಬುದನ್ನು ವಿಂಗಡಿಸುವ ಕೆಲಸವು ಮುಂದಿನ ಸಂಶೋಧಕರದು. ಅದಕ್ಕೆ ಬೇಕಾದ ಸಾಕ್ಷ್ಯವು ಮತ್ತೆ ಶವಪರೀಕ್ಷೆಯಿಂದಲೇ ಬರಬೇಕಾಗಿದೆ. ತಮ್ಮ ತಂದೆಯ, ಅಣ್ಣನ, ಗಂಡನ ದೇಹವನ್ನು ಜ್ಞಾನಕ್ಕಾಗಿ ಒಪ್ಪಿಸಿದ ಕುಟುಂಬಗಳಿಗೆ ಈ ಶಾಸ್ತ್ರವು ಋಣಿಯಾಗಿದೆ.

ಬದುಕಿರುವವನ ಗ್ರಂಥಿಯಲ್ಲಿರುವ ಗಂಟು ಮಲಗಿಯೇ ಇರುವುದೋ ಎದ್ದು ಕಚ್ಚುವುದೋ ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಬಲ್ಲ ಲಕ್ಷಣವು ದೊರೆತ ದಿನ ಈ ವಿವಾದವು ಕೊನೆಗಾಣುವುದು. ಆ ದಿನದವರೆಗೆ ವೈದ್ಯನು ರೋಗವನ್ನು ಕಾಣುವ ಚಾತುರ್ಯದಷ್ಟೇ, ಕಂಡುದನ್ನು ತೂಗಿನೋಡುವ ತಾಳ್ಮೆಯನ್ನೂ ಅಭ್ಯಾಸ ಮಾಡಬೇಕಾಗಿದೆ.